ಸೂರ್ಯನಿಂದ ಬಲಕ್ಕೆ ಎಂಬತ್ತನಾಲ್ಕು ಇಂಚು

ಕಂಪ್ಯೂಟರಿನ ಭಾಷೆಗಳಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡದು ಎಂದು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಏಳು ವರ್ಷ ಪಾಠ ಮಾಡಿದೆ. ಈ ಪ್ರಶ್ನೆ ಕೇಳದ ಬ್ಯಾಚು ಒಂದೂ ಇರಲಿಲ್ಲ. ಒಬ್ಬರಿಗೆ ಚಹಾ ಮಾಡೋದಕ್ಕೆ ಮದುವೆ ಮನೆಯ ಹಂಡೆ ಒಲೆ ಮೇಲೆ ಇಡ್ತೀರೇನು ಎಂದು ನಾನು ತಿರುಗಿ ಕೇಳುತ್ತಿದ್ದೆ. ಹುಡುಗರು ನಗುತ್ತಿದ್ದರು, ನಕ್ಕು ಮುಗಿಸಿ ಜಾವಾ ಕಲಿತರೆ ನೌಕರಿ ಗ್ಯಾರಂಟಿಯಾ ಎನ್ನುತ್ತಿದ್ದರು. ಕೆಲಸ ನೋಡಿ ಭಾಷೆ ಆರಿಸಬೇಕು ಎಂದು ಬೋರ್ಡಿನ ಮೇಲೆ ಬರೆದು ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಇಷ್ಟೆಲ್ಲ ಉಪದೇಶ ಮಾಡುವ ಗಂಗೋತ್ರಿ ಮೇಡಂ, ಅಂದರೆ ನಾನು, ಕೆಲಸ ಬಂದಾಗ ಅದನ್ನೇ ಮರೆತೆ.

ಅದು ಎರಡು ಸಾವಿರದ ಏಳನೇ ಇಸವಿಯ ಫೆಬ್ರುವರಿ. ಆ ವರ್ಷಗಳಲ್ಲಿ ಬಳ್ಳಾರಿಯ ಬೆಳಕೇ ಬೇರೆ ಇತ್ತು. ಅದಿರಿನ ಲಾರಿಗಳು ಒಂದರ ಹಿಂದೊಂದು ಓಡಿ ಓಡಿ, ಮಧ್ಯಾಹ್ನದ ಹೊತ್ತಿಗೆ ಕೋಟೆ ಗುಡ್ಡದ ಬುಡ ಕೆಂಪು ಮಬ್ಬಿನಲ್ಲಿ ಮುಳುಗಿ, ಮೇಲಿನ ಬಂಡೆಗಳು ಮಾತ್ರ ಗಾಳಿಯಲ್ಲಿ ತೇಲುತ್ತಿದ್ದವು. ಒಣಹಾಕಿದ ಬಿಳಿ ಸೀರೆ ಸಂಜೆಗೆ ಬಣ್ಣ ತಿರುಗುತ್ತಿತ್ತು. ಮೊನ್ನೆ ಸೈಕಲ್ ತುಳಿಯುತ್ತಿದ್ದವರು ಇಂದು ಕಾರಿನ ಗಾಜು ಇಳಿಸಿ ನಮ್ಮನ್ನು ಮಾತಾಡಿಸುತ್ತಿದ್ದರು. ನಿದ್ದೆಯಲ್ಲಿ ನಡೆಯುವವರ ಹಾಗೆ ಊರು ಎತ್ತಲೋ ಹೊರಟಿತ್ತು, ಎತ್ತ ಎಂದು ಯಾರೂ ಕೇಳುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಬ್ಯಾಚು ಇಲ್ಲದ ಹೊತ್ತಿನಲ್ಲಿ ಕುರುಗೋಡಿನ ಶಾಬುದ್ದೀನ್ ಸಾಬರು ಸೆಂಟರಿಗೆ ಬಂದರು. ಅವರು ಕಲ್ಲಿನ ಕೆಲಸದವರು. ನಮ್ಮ ಸೆಂಟರಿನ ಬಾಗಿಲ ಮೇಲಿನ ಗ್ರಾನೈಟ್ ಹೆಸರು ಫಲಕ ಕೆತ್ತಿದ್ದು ಅವರೇ. ಅದನ್ನು ಕೂರಿಸಿದ ದಿನ ನಮ್ಮ ಮಾಲೀಕರು, ಅಕ್ಕಪಕ್ಕದ ಅಂಗಡಿಯವರು ಎಲ್ಲರೂ ಭೇಷ್ ಅಂದಿದ್ದರು. ಎರಡನೇ ಸಾಲು ಬಲಕ್ಕೆ ಇಳಿದಿದೆ ಎಂದವಳು ನಾನೊಬ್ಬಳೇ. ಅವರು ಏಣಿ ಹತ್ತಿ ದಾರ ಹಿಡಿದು ನೋಡಿ, ಒಂದು ನೂಲಿನಷ್ಟು ಇಳಿದದ್ದು ನಿಜ ಎಂದು ಒಪ್ಪಿಕೊಂಡು, ಫಲಕ ಬಿಚ್ಚಿ ಮತ್ತೆ ಕೂರಿಸಿ ಹೋಗಿದ್ದರು. ಆ ನೆನಪಿನಿಂದಲೇ ನನ್ನನ್ನು ಹುಡುಕಿಕೊಂಡು ಬಂದೆ ಎಂದರು. ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದು, ಅದರೊಳಗಿನ ಸಣ್ಣ ದಿಕ್ಸೂಚಿಯನ್ನು ನನ್ನ ಮೇಜಿನ ಮೇಲೆ ಇಟ್ಟರು.

ಅವರ ಹೆಂಡತಿ ನೂರಜಹಾನ್ ಹಿಂದಿನ ಆಗಸ್ಟಿನಲ್ಲಿ ತೀರಿಕೊಂಡಿದ್ದರು. ಬಳ್ಳಾರಿಯ ಜೀನ್ಸ್ ಪ್ಯಾಂಟಿನ ಕಾರ್ಖಾನೆಯೊಂದಕ್ಕೆ ಮನೆಯಲ್ಲೇ ಕೂತು ಪಕ್ಕದ ಹೊಲಿಗೆ ಹಾಕಿಕೊಡುತ್ತಿದ್ದವರು ಆಕೆ. ಗುರುತು ಹಾಕದೆ ಸೊಂಟದಿಂದ ಪಾದದ ತನಕ ಹೊಲಿಗೆ ಓಡಿಸಿದರೂ ಒಂದು ಎಳೆ ಆಚೆ ಈಚೆ ಆಗುತ್ತಿರಲಿಲ್ಲವಂತೆ. ಗಂಡ ಕಟ್ಟಿದ ಗೋಡೆ, ಕೆತ್ತಿದ ಸಾಲು ಯಾವುದನ್ನೂ ಆಕೆ ಒಂದೇ ಸಲಕ್ಕೆ ಒಪ್ಪಿದವರಲ್ಲ. ಮೂವತ್ತೆಂಟು ವರ್ಷ ಅವರ ಸಂಸಾರದ ಜಗಳವೆಲ್ಲ ನೆಟ್ಟಗೆ, ಸೊಟ್ಟಗೆ ಎಂಬ ಎರಡು ಮಾತಿನಲ್ಲೇ ಮುಗಿದಿತ್ತು. ಆಸ್ಪತ್ರೆಯಲ್ಲಿ ಕೊನೆಯ ವಾರ ಆಕೆ ನಗುತ್ತಲೇ, ನಿಮ್ಮ ಕಲ್ಲಿನ ಸಾಲಿನಂಗ ನನ್ನ ಸೊಟ್ಟ ಮಲಗಿಸಬ್ಯಾಡ್ರಿ ಅಂದಿದ್ದರು. ಮಲಗಿಸೋದಿಲ್ಲ ಎಂದು ಇವರು ಮಾತು ಕೊಟ್ಟಿದ್ದರು.

ಅವರಲ್ಲಿ ಸತ್ತವರನ್ನು ಬಲ ಮಗ್ಗುಲಿಗೆ, ಮುಖ ಮೆಕ್ಕಾದ ಕಡೆಗೆ ಇರುವಂತೆ ಮಲಗಿಸುತ್ತಾರೆ. ಹಳೆಯ ಖಬರಸ್ತಾನದಲ್ಲಾದರೆ ಪಕ್ಕದ ಗೋರಿ ನೋಡಿಕೊಂಡು ಅದೇ ಸಾಲಿಗೆ ಅಗೆದರಾಯಿತು. ಆದರೆ ಅದು ತುಂಬಿಹೋಗಿ, ಜಮಾತಿನವರು ಬಂಡೆಗಳ ಆಚೆಗೆ ಹೊಸ ಜಾಗ ತೆಗೆದುಕೊಂಡಿದ್ದರು. ಅಲ್ಲಿ ಮೊದಲ ಗೋರಿ ನೂರಜಹಾನರದು, ನೋಡಿಕೊಳ್ಳಲು ಪಕ್ಕದಲ್ಲಿ ಏನೂ ಇರಲಿಲ್ಲ. ಹಜ್‌ಗೆ ಹೋದ ನೆಂಟರು ತಂದುಕೊಟ್ಟಿದ್ದ ಈ ದಿಕ್ಸೂಚಿ ಹಿಡಿದು ಶಾಬುದ್ದೀನ್ ಸಾಬರೇ ಸಾಲು ಹಾಕಿಕೊಟ್ಟರು. ಹೊಸ ಜಾಗದ ಬೇಲಿಯಾಚೆ ಒಂದು ಕಬ್ಬಿಣದ ಅದಿರಿನ ದಾಸ್ತಾನು ಇತ್ತು, ಮನೆಯೆತ್ತರದ ರಾಶಿ. ಅದರ ಕಡೆಗೆ ಆ ದಿನ ಯಾರ ಗಮನವೂ ಹೋಗಲಿಲ್ಲ.

ಜನವರಿಯಲ್ಲಿ ಆ ರಾಶಿಯನ್ನೆಲ್ಲ ಲಾರಿಗಳು ಬಂದರಿಗೆ ಹೊತ್ತುಕೊಂಡು ಹೋದವು. ಒಂದು ಶುಕ್ರವಾರ ಸಾಬರು ಗೋರಿಯ ಹತ್ತಿರ ಕೂತು ಸುಮ್ಮನೆ ಡಬ್ಬಿ ತೆರೆದರೆ ಮುಳ್ಳು ಬೇರೆ ಕಡೆ ನಿಂತಿತ್ತು. ಎರಡು ವಾರಕ್ಕೆ ಹೊಸ ರಾಶಿ ಬಂದು ಬಿತ್ತು, ಮುಳ್ಳು ಮತ್ತೆ ತಿರುಗಿತು. ಅಂದಿನಿಂದ ಅವರು ಉಳಿ ಮುಟ್ಟಿರಲಿಲ್ಲ. ಜಮಾತಿನ ಹಿರಿಯರು, ಮನಸ್ಸು ಸರಿಯಾಗಿದ್ದರೆ ಸಾಕು, ದೇವರು ಟೇಪು ಹಿಡಿದು ಅಳೆಯುವುದಿಲ್ಲ ಎಂದು ಸಮಾಧಾನ ಹೇಳಿದ್ದರಂತೆ. ಒಳ್ಳೆಯ ಮಾತೇ ಅಲ್ಲವೇ ಎಂದು ನಾನೂ ಅಂದೆ.

“ಅಲ್ಲಾಹ್ ಮಾಫ್ ಮಾಡ್ತಾನ್ರಿ ಮೇಡಮ್ಮ, ಅದು ನನಗ ಗೊತ್ತೈತಿ,” ಎಂದರು ಅವರು. “ಆಕಿ ಮಾಡಂಗಿಲ್ಲ.”

ಅವರಿಗೆ ಬೇಕಾದದ್ದು ಇಷ್ಟೇ: ಆಕೆಯನ್ನು ಸರಿಯಾಗಿ ಮಲಗಿಸಿದ್ದೇನೋ ಇಲ್ಲವೋ, ಒಂದು ಖಾತ್ರಿ ಮಾತು. ಮರುಕ ತೋರಿಸಿಕೊಳ್ಳಬಾರದೆಂದು ಜಂಬ ಕೊಚ್ಚಿದೆ. ಅರ್ಧ ಗಂಟೆಯ ಕೆಲಸ, ಕೂತಿರಿ ಎಂದೆ.

ಪಾಲಿಟೆಕ್ನಿಕ್‌ನಲ್ಲಿ ಸರ್ವೆ ಕಲಿಯುವಾಗಿನ ನನ್ನ ನೋಟ್ಸು ಸೆಂಟರಿನ ಕಪಾಟಿನಲ್ಲೇ ಇತ್ತು. ಭೂಮಿಯ ಮೇಲೆ ಒಂದೂರಿನಿಂದ ಇನ್ನೊಂದೂರು ಯಾವ ದಿಕ್ಕಿಗೆ ಬೀಳುತ್ತದೆ ಎಂದು ತೆಗೆಯುವ ಸೂತ್ರ ಅದರಲ್ಲಿತ್ತು. ಎರಡೂ ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಸಾಕು. ನಾನು ಯೋಚನೆಯನ್ನೇ ಮಾಡದೆ ಸಿ ಭಾಷೆಯಲ್ಲಿ ಕೂತೆ, ಅದು ನನ್ನ ಕೈಗೆ ಹತ್ತಿದ ಭಾಷೆ, ನಿದ್ದೆಗಣ್ಣಿನಲ್ಲೂ ಬರೆಯುತ್ತೇನೆ. ಹತ್ತೊಂಬತ್ತು ಸಾಲು. ಓಡಿಸಿದೆ. ಪರದೆಯ ಮೇಲೆ ಒಂದು ಎಂಬ ಅಂಕಿ, ಅದರ ಮುಂದೆ ಒಂದಿಷ್ಟು ಚಿಲ್ಲರೆ ಬಂತು. ಅಂದರೆ ಉತ್ತರದಿಂದ ಒಂದು ಡಿಗ್ರಿ, ಹೆಚ್ಚುಕಡಿಮೆ ನೇರ ಉತ್ತರ. ನನ್ನ ಪ್ರೋಗ್ರಾಂ ಮೆಕ್ಕಾವನ್ನು ಹಿಮಾಲಯದ ಕಡೆ ಕಳಿಸಿತ್ತು.

ಏನಂತೈತ್ರಿ ಎಂದು ಸಾಬರು ಬೆಂಚಿನ ಮೇಲಿಂದ ಕೇಳಿದರು. ಕಂಪ್ಯೂಟರ್ ಸ್ವಲ್ಪ ನಿಧಾನ ಇದೆ ಎಂದು ಸುಳ್ಳು ಹೇಳಿದೆ. ಕಿವಿ ಬಿಸಿಯಾಗಿತ್ತು. ತಪ್ಪು ಸಿಕ್ಕಿದ್ದು ಹತ್ತು ನಿಮಿಷ ಕಳೆದ ಮೇಲೆ. ಸಿ ಭಾಷೆಗೆ ಕೋನವನ್ನು ಡಿಗ್ರಿಯಲ್ಲಿ ಕೊಡುವಂತಿಲ್ಲ, ರೇಡಿಯನ್ ಎಂಬ ಬೇರೆಯೇ ಅಳತೆಗೆ ಇಳಿಸಿ ಕೊಡಬೇಕು. ಕೊಡದಿದ್ದರೆ ಅದು ತಕರಾರು ಮಾಡುವುದಿಲ್ಲ, ಕೊಟ್ಟದ್ದನ್ನೇ ನಂಬಿ ತಪ್ಪು ಉತ್ತರವನ್ನು ಗಂಭೀರವಾಗಿ ಹೇಳುತ್ತದೆ. ಇದನ್ನು ಬ್ಯಾಚು ಬ್ಯಾಚಿಗೂ ಹೇಳಿಕೊಟ್ಟವಳು ನಾನೇ. ತಿದ್ದಿ ಓಡಿಸಿದೆ. ಪಶ್ಚಿಮದಿಂದ ಉತ್ತರಕ್ಕೆ ಹದಿನೈದೂವರೆ ಡಿಗ್ರಿ ಎಂದು ಬಂತು, ಅದು ಸರಿ. ಗೆದ್ದೆ ಎಂದುಕೊಂಡು ಅವರಿಗೆ ಚೀಟಿಯಲ್ಲಿ ಬರೆದುಕೊಟ್ಟೆ.

ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. “ಪಡುವಣದಿಂದ ಇಷ್ಟು ಅಂತ ಬರದೀರಿ. ಪಡುವಣ ಎಲ್ಲೈತಿ ಅನ್ನೋದನ್ನ ಅಲ್ಲಿ ಯಾರು ಹೇಳ್ತಾರ್ರಿ?”

ದಿಕ್ಸೂಚಿ ಅದಿರಿನ ಮಾತು ಕೇಳುತ್ತದೆ. ಸೂರ್ಯ ಮುಳುಗುವ ಜಾಗ ಪಶ್ಚಿಮ ಎಂದರೆ ಅವನು ವರ್ಷದಲ್ಲಿ ಎರಡು ದಿನ ಮಾತ್ರ ಅಲ್ಲಿ ಮುಳುಗುತ್ತಾನೆ. ಉತ್ತರ ಸಿಕ್ಕಿತ್ತು, ಅದನ್ನು ನೆಲದ ಮೇಲೆ ಇಡುವ ದಾರಿ ಇರಲಿಲ್ಲ.

ಆದರೂ ಹಟ ಬಿಡಲಿಲ್ಲ. ಇಂಥ ದಿನ, ಇಂಥ ಹೊತ್ತಿಗೆ ಸೂರ್ಯ ಎಷ್ಟು ಡಿಗ್ರಿಯಲ್ಲಿ ಇರುತ್ತಾನೆ ಎಂದು ಲೆಕ್ಕ ಹಾಕಬಹುದು. ಅದೇ ಸಿ ಭಾಷೆಯಲ್ಲಿ ಇನ್ನೂ ಅರವತ್ತು ಸಾಲು ಬರೆದು, ಮುಂದಿನ ಭಾನುವಾರಕ್ಕೆ ಕಾಲು ಗಂಟೆಗೊಂದು ಸಾಲಿನ ಪಟ್ಟಿ ಅಚ್ಚು ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಖಬರಸ್ತಾನದೊಳಗೆ ಹೆಂಗಸರು ಹೋಗುವ ಪದ್ಧತಿ ಇಲ್ಲ. ರಸ್ತೆಯ ಕಡೆಯ ಮೋಟು ಗೋಡೆಯ ಹೊರಗೆ ನಾನು ನಿಂತೆ, ಒಳಗೆ ಅವರು. ಒಂದು ದಾರಕ್ಕೆ ಗುಂಡು ಕಟ್ಟಿ ಮೂರು ಬಿದಿರಿನ ನಡುವೆ ತೂಗುಬಿಟ್ಟು, ದಾರದ ನೆರಳು ಬೀಳುವುದನ್ನೇ ಕಾಯುತ್ತ ಕೂತರು. ನೆರಳಿನ ಎದುರು ದಿಕ್ಕು ಸೂರ್ಯನದು, ಅಲ್ಲಿಂದ ಇಷ್ಟು ಡಿಗ್ರಿ ಎಂದು ನಾನು ಕೂಗಬೇಕು. ಆದರೆ ಪಟ್ಟಿಯ ಹೊತ್ತಿಗೆ ಸರಿಯಾಗಿ ಲಾರಿಗಳ ಸಾಲು ಬಂದು ಧೂಳೆಬ್ಬಿಸಿ ನೆರಳನ್ನು ಅಳಿಸಿಬಿಡುತ್ತಿತ್ತು. ಧೂಳು ಇಳಿದು ನೆರಳು ಮೂಡುವುದು ಪಟ್ಟಿಯಲ್ಲಿಲ್ಲದ ನಿಮಿಷದಲ್ಲಿ. ಒಂದೇ ಒಂದು ಸಲ ಎರಡೂ ಕೂಡಿ ಬಂದಾಗ, ನಲವತ್ತೆರಡು ಡಿಗ್ರಿ ಎಂದು ಕೂಗಿದೆ. ಡಿಗ್ರಿ ಅಂದರೆ ತಮಗೆ ತಿಳಿಯುವುದಿಲ್ಲ ಎಂದು ಅವರು ತಲೆ ತಗ್ಗಿಸಿ ಹೇಳಿದರು. ನಾನೇ ತಲೆ ತಗ್ಗಿಸಬೇಕಿತ್ತು.

ಬಳ್ಳಾರಿಗೆ ತಿರುಗುವ ಬದಲು ಮರುದಿನ ರಜೆ ಹಾಕಿ ಸಿರುಗುಪ್ಪಕ್ಕೆ ಹೋದೆ. ನನಗೆ ಸರ್ವೆ ಕಲಿಸಿದ ಚಿದಾನಂದಪ್ಪ ಮೇಷ್ಟ್ರು ನಿವೃತ್ತರಾಗಿ ಅಲ್ಲಿ ಕಾಲುವೆಯ ಪಕ್ಕ ಮನೆ ಮಾಡಿಕೊಂಡಿದ್ದರು. ಧೂಳಿನಿಂದ ಹೋದವಳಿಗೆ ಸಿರುಗುಪ್ಪದ ಹಸಿರು ಸುಳ್ಳೆನಿಸಿತು. ಕಣ್ಣು ಮುಟ್ಟುವ ತನಕ ಭತ್ತ, ನೀರಿನಲ್ಲಿ ಆಕಾಶ, ಆಕಾಶದ ಮೇಲೆ ಒಂಟಿ ಕಾಲಿನಲ್ಲಿ ನಿಂತ ಬೆಳ್ಳಕ್ಕಿ. ಅಕ್ಕಿ ಗಿರಣಿಯಿಂದ ಭತ್ತ ಬೇಯುವ ವಾಸನೆ ಬರುತ್ತಿತ್ತು. ಮೇಷ್ಟ್ರು ನನ್ನ ಹಾಳೆಗಳನ್ನು ಕೊನೆಯ ತನಕ ಓದಿದರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ.

“ನಿನ್ನ ಪ್ರೋಗ್ರಾಂ ಸರಿ ಐತವ್ವ,” ಎಂದರು. “ಆದ್ರ ಅದು ಕುರ್ಚಿ ಮ್ಯಾಲ ಕುಂತೈತಿ. ಕೆಲಸ ಬಿಸಿಲಾಗ ಐತಿ.”

ಒಳಗೆ ಹೋಗಿ ರೆಕ್ಸಿನ್ ಚೀಲದಿಂದ ತಮ್ಮ ಕ್ಯಾಲ್ಕುಲೇಟರ್ ತಂದು ನನ್ನ ಅಂಗೈಯಲ್ಲಿ ಇಟ್ಟರು. ಪ್ರೋಗ್ರಾಂ ಬರೆದಿಡಬಹುದಾದಂಥದು, ಕಾಲುವೆಯ ಸರ್ವೆಯಲ್ಲಿ ಇಪ್ಪತ್ತು ವರ್ಷ ಬಿಸಿಲು ತಿಂದದ್ದು, ಗುಂಡಿಗಳ ಮೇಲಿನ ಅಕ್ಷರಗಳು ಅರ್ಧ ಅಳಿಸಿದ್ದವು. ವಿದ್ಯಾರ್ಥಿಯಾಗಿದ್ದಾಗ ಇದನ್ನೇ ನಾನು ಆಟಿಕೆ ಎಂದು ಗೇಲಿ ಮಾಡಿದ್ದೆ. ಅವರಿಗೆ ಅದು ನೆನಪಿತ್ತು, ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಆ ವಾರದ ಸೂರ್ಯನ ಎರಡು ಅಂಕಿಗಳನ್ನು ತಮ್ಮ ಪುಸ್ತಕದಿಂದ ಬರೆದುಕೊಟ್ಟರು. ಹೊರಡುವಾಗ ಒಂದು ಮಾತು ಸೇರಿಸಿದರು, ಉತ್ತರ ಬರೆಯುವವರ ಅಳತೆಯಲ್ಲಿ ಬರಬಾರದು, ನೆಲದ ಮೇಲೆ ಅದನ್ನು ಇಡುವವರ ಅಳತೆಯಲ್ಲಿ ಬರಬೇಕು ಎಂದು. ಏಳು ವರ್ಷ ಬೋರ್ಡಿನ ಮೇಲೆ ನಾನು ಎಳೆದ ಗೆರೆಗಳೆಲ್ಲ ಸೇರಿದರೂ ಇಷ್ಟು ಹೇಳಿರಲಿಲ್ಲ.

ಸಿರುಗುಪ್ಪದಿಂದ ಕುರುಗೋಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಪ್ರೋಗ್ರಾಂ ಬರೆದೆ. ಆ ಭಾಷೆಯಲ್ಲಿ ಏನೂ ಇಲ್ಲ. ಹೆಸರಿಡಲು ಇಪ್ಪತ್ತಾರು ಇಂಗ್ಲಿಷ್ ಅಕ್ಷರ, ಒಂದಕ್ಕೆ ಒಂದು. ಬೆರಳಗಲದ ಪರದೆ. ಒಂದು ಸಾಲು ಬರೆದರೆ ಹಿಂದಿನ ಸಾಲು ಕಾಣುವುದಿಲ್ಲ, ಮನಸ್ಸಿನಲ್ಲೇ ಹಿಡಿದಿರಬೇಕು. ಕೋನ ಡಿಗ್ರಿಯಲ್ಲಿದೆ ಎಂದು ಹೇಳಲು ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಡಿ ಅಕ್ಷರ ಸದಾ ಬೆಳಗುತ್ತಿತ್ತು. ಅದನ್ನು ಕಂಡು ನನಗೆ ನಗುವೂ ನಾಚಿಕೆಯೂ ಒಟ್ಟಿಗೆ ಬಂದವು.

ಬಸ್ಸು ತೂಗುತ್ತಿತ್ತು. ಹಸಿರು ಮುಗಿದು ಹತ್ತಿಯ ಹೊಲ, ಹತ್ತಿ ಮುಗಿದು ಬಂಡೆ ಬರುವ ಹೊತ್ತಿಗೆ ನಾನು ಅರೆನಿದ್ದೆಯಲ್ಲಿದ್ದೆ. ಬೆರಳು ಮಾತ್ರ ಎಚ್ಚರವಿತ್ತು. ಗಂಟೆಗೆ ಹೆಚ್ ಎಂಬ ಅಕ್ಷರ ಕೊಟ್ಟೆ, ಸೂರ್ಯನಿಗೆ ಎಸ್. ಮೆಕ್ಕಾದ ದಿಕ್ಕು ಸೂರ್ಯನಿಂದ ಎಷ್ಟು ದೂರ ಎಂಬ ಕೊನೆಯ ಕೋನಕ್ಕೆ ಯಾವ ಅಕ್ಷರ ಕೊಡಲಿ ಎಂದು ಯೋಚಿಸದೆ ಎನ್ ಒತ್ತಿದ್ದೆ. ಕಣ್ಣು ಮುಚ್ಚಿದರೆ ಹೊಲಿಗೆ ಮೆಷಿನ್ನಿನ ಮುಂದೆ ಕೂತ, ನಾನು ನೋಡಿಯೇ ಇರದ ಒಬ್ಬ ಹೆಂಗಸು ಕಾಣುತ್ತಿದ್ದಳು. ನೀಲಿ ಬಟ್ಟೆ ಅವಳ ಕೈಯಿಂದ ಕೆಳಗಿಳಿದು, ಬಸ್ಸಿನ ನೆಲ ದಾಟಿ, ರಸ್ತೆಯ ಉದ್ದಕ್ಕೂ ಹರಿಯುತ್ತಿತ್ತು, ನಡುವೆ ಒಂದು ಬಿಳಿ ಹೊಲಿಗೆ. ಎಚ್ಚರವಾದಾಗ ಪ್ರೋಗ್ರಾಂ ಒಂದು ಸಾಲು ಬಿಟ್ಟು ಮುಗಿದಿತ್ತು. ಆ ಸಾಲನ್ನೂ ಬರೆದೆ. ಎನ್ ಎಂಬ ಕೋನವನ್ನು ಅದು ಇಂಚಿಗೆ ಇಳಿಸುತ್ತಿತ್ತು: ಸೂರ್ಯನ ಕಡೆಗೆ ನೂರು ಇಂಚು ಹೋಗಿ, ಅಲ್ಲಿಂದ ಕಲ್ಲಿನ ಕೆಲಸದವರ ಮೂಲೆಮಟ್ಟ ಇಟ್ಟು ಲಂಬಕ್ಕೆ ಬಲಗಡೆ ಇಷ್ಟು ಇಂಚು.

ಮಧ್ಯಾಹ್ನ ನಾಲ್ಕರ ಸುಮಾರಿಗೆ ನಾವಿಬ್ಬರೂ ನಮ್ಮ ನಮ್ಮ ಜಾಗದಲ್ಲಿದ್ದೆವು, ಗೋಡೆಯ ಹೊರಗೆ ನಾನು, ಒಳಗೆ ಸಾಬರು. ಬೇಲಿಯಾಚೆ ಹೊಸ ರಾಶಿ ಬಿಸಿಲಿಗೆ ಮಿನುಗುತ್ತಿತ್ತು. ನೂರಜಹಾನರ ಗೋರಿಯ ಸುತ್ತ ಅವರೇ ಕೆತ್ತಿದ ನಾಲ್ಕು ಕಲ್ಲಿನ ಅಂಚು, ತಲೆಯ ಕಡೆ ಇನ್ನೂ ಹೆಸರು ಬರೆಯದ ಒಂದು ಕಲ್ಲು. ಲಾರಿಗಳು ಹೋದವು, ಧೂಳು ಮೇಲೆದ್ದು ಸೂರ್ಯನನ್ನು ನಾಣ್ಯದಷ್ಟು ಮಾಡಿ ನಿಧಾನ ಇಳಿಯಿತು. ದಾರದ ನೆರಳು ನೆಲದ ಮೇಲೆ ಮೂಡಿತು. ಅವರು ಕೈ ಎತ್ತಿದರು. ಗಡಿಯಾರ ನೋಡಿ ಹೊತ್ತು ಒತ್ತಿದೆ, ಕ್ಯಾಲ್ಕುಲೇಟರ್ ಒಂದು ಕ್ಷಣ ಯೋಚಿಸಿತು.

ಎಂಬತ್ತನಾಲ್ಕು ಇಂಚು ಎಂದು ಕೂಗಿದೆ. ಅವರು ಏನೂ ಕೇಳಲಿಲ್ಲ. ನೆರಳಿನ ಎದುರಿಗೆ ನೂರು ಇಂಚು ದಾರ ಎಳೆದು, ತುದಿಗೆ ಮೂಲೆಮಟ್ಟ ಇಟ್ಟು, ಬಲಕ್ಕೆ ಎಂಬತ್ತನಾಲ್ಕು ಅಳೆದು ಗೂಟ ಹೊಡೆದರು. ಗುಂಡಿನ ಬುಡದಿಂದ ಆ ಗೂಟಕ್ಕೆ ಒಂದು ಬಿಳಿ ದಾರ ಕಟ್ಟಿದರು. ಅದು ಮೆಕ್ಕಾದ ಸಾಲು. ಆರು ತಿಂಗಳು ಮುಳ್ಳಿನ ಜೊತೆ ಅಲೆದ ದಿಕ್ಕು ಈಗ ನೆಲದ ಮೇಲೆ ಮಲಗಿತ್ತು. ನನಗೆ ಕುಣಿಯಬೇಕೆನಿಸಿತು.

ಮತ್ತೆ ಅವರು ಗೋರಿಯ ಅಂಚಿಗೆ ಮೂಲೆಮಟ್ಟ ಹಿಡಿದು, ಆಕೆಯ ಮುಖ ಇರುವ ಕಡೆಗೆ ಇನ್ನೊಂದು ದಾರ ಬಿಟ್ಟು, ಅದನ್ನು ತಂದು ಮೊದಲ ದಾರದ ಬುಡಕ್ಕೆ ಸರಿಸಮ ಇಟ್ಟರು. ಎರಡು ದಾರಗಳು ಒಂದೇ ಕಡೆ ಹುಟ್ಟಿ, ಮುಂದೆ ಮುಂದೆ ಹೋದ ಹಾಗೆ ಬೇರೆಯಾದವು. ಆಕೆಯದು ಬಲಕ್ಕೆ ಸರಿದಿತ್ತು.

ನಿಜ ಹೇಳುತ್ತೇನೆ, ಸುಳ್ಳು ಹೇಳಬೇಕೆಂದು ನನಗೆ ಬಲವಾಗಿ ಅನಿಸಿತು. ಹೊತ್ತು ತಪ್ಪು ಒತ್ತಿದೆ, ಇನ್ನೊಂದು ಸಲ ನೋಡೋಣ ಎಂದು ಹೇಳಿ, ಕೊನೆಯ ಸಾಲಿನಲ್ಲಿ ಒಂದು ಅಂಕಿ ತಿದ್ದಿದರೆ ಮೆಕ್ಕಾದ ದಾರ ಆಕೆಯ ದಾರದ ಮೇಲೆ ಹೋಗಿ ಕೂರುತ್ತಿತ್ತು. ಮುದುಕರು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು, ಯಾರಿಗೆ ಏನು ನಷ್ಟ? ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಆದರೆ ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಎರಡೂ ದಾರಗಳ ಉದ್ದಕ್ಕೆ ನೋಡುತ್ತಿದ್ದರು. ನೂರು ಇಂಚು ಬಂದ ಕಡೆ ಟೇಪು ಇಟ್ಟು ನಡುವಿನ ಅಂತರ ಅಳೆದರು.

“ನೂರಕ್ಕ ಹತ್ತೊಂಬತ್ತೂವರಿ,” ಎಂದರು. “ಗೋಡಿ ಆಗಿದ್ರ ಕೆಡವತಿದ್ದೆ.”

ನಾನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದೆ. ಹನ್ನೊಂದು ಡಿಗ್ರಿ. ಗೋಡೆಯ ಈಚೆ ನಿಂತು ನಾನು ಏನೇನೋ ಹೇಳಿದೆ. ಜಮಾತಿನ ಹಿರಿಯರು ಹೇಳಿದ್ದನ್ನೇ ಹೇಳಿದೆ. ತಪ್ಪು ಅದಿರಿನ ರಾಶಿಯದು, ನಿಮ್ಮದಲ್ಲ ಎಂದೆ. ನಮ್ಮ ಮನೆಯಲ್ಲೂ ಹೂಳುತ್ತಾರೆ, ಕೂರಿಸಿ ಹೂಳುತ್ತಾರೆ, ನಮ್ಮ ಅಜ್ಜನನ್ನು ಯಾವ ದಿಕ್ಕಿಗೆ ಕೂರಿಸಿದರೆಂದು ನಮಗೂ ನೆನಪಿಲ್ಲ ಎಂದೆ. ಅವರು ಎಲ್ಲದಕ್ಕೂ ಹೌದ್ರಿ ಎಂದರು. ಗೋರಿಯ ಅಂಚಿನ ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಕೂತರು, ಜ್ವರ ಬಂದವರ ಹಣೆ ಮುಟ್ಟುವ ಹಾಗೆ. ಮುಚ್ಚಿದ ಗೋರಿಯನ್ನು ಮತ್ತೆ ತೆರೆಯುವುದಿಲ್ಲ, ಅದು ನನಗೂ ಗೊತ್ತಿತ್ತು. ಬಿಸಿಲು ಹಳದಿಯಾಗುತ್ತ ಬಂತು, ಬಂಡೆಗಳ ಮೇಲೆ ಮೇಕೆಗಳು ಒಂದೊಂದಾಗಿ ಇಳಿದುಹೋದವು. ಎಷ್ಟು ಹೊತ್ತು ಹಾಗೆ ಇದ್ದೆವೆಂದು ನಾನು ಗಡಿಯಾರ ನೋಡದಿದ್ದರೆ ಹೇಳಲಾಗುತ್ತಿರಲಿಲ್ಲ, ನೋಡಿದರೆ ಹದಿನೈದು ನಿಮಿಷವೂ ಆಗಿರಲಿಲ್ಲ.

ಆಮೇಲೆ ಅವರು ಎದ್ದು ಲುಂಗಿಯ ಮಣ್ಣು ಕೊಡವಿದರು. ಇನ್ನು ಮುಂದೆ ಬರುವವರಿಗೆ ತಪ್ಪಾಗಬಾರದು, ಈ ಬಿಳಿ ದಾರದ ಸಾಲಿಗೆ ಎರಡು ಕಲ್ಲು ನೆಟ್ಟುಬಿಡುತ್ತೇನೆ, ಎಲ್ಲರೂ ಅದನ್ನೇ ನೋಡಿ ಅಗೆಯಲಿ ಎಂದರು. ಒಳ್ಳೆಯದಾಯಿತು ಎಂದೆ. ಬಿದಿರುಗಳ ಮೂರು ಕಾಲನ್ನೂ ಕಿತ್ತು, ಗೋರಿಯ ಎಡಗಡೆಯ ಖಾಲಿ ಜಾಗಕ್ಕೆ ತಂದು ನೆಟ್ಟು, ಗುಂಡು ತೂಗುಬಿಟ್ಟರು. ಈ ಜಾಗ ಯಾರದು ಎಂದು ಕೇಳಿದೆ. ಜಮಾತಿನವರಿಗೆ ಹೇಳಿ ತಮಗೆ ಇಟ್ಟುಕೊಂಡದ್ದು ಎಂದರು. ಇದಕ್ಕೂ ಈಗಲೇ ಸಾಲು ಹಾಕಿ ಗೂಟ ಹೊಡೆದಿಟ್ಟರೆ, ಆ ದಿನ ಯಾರೂ ದಿಕ್ಸೂಚಿ ಹುಡುಕಬೇಕಾಗಿಲ್ಲ ಎಂದರು.

ನಾಲ್ಕು ಇಪ್ಪತ್ತು. ಸೂರ್ಯ ಸರಿದಿದ್ದ, ಹಳೆಯ ಎಂಬತ್ತನಾಲ್ಕು ಈಗ ಕೆಲಸಕ್ಕೆ ಬಾರದು. ಹೊಸ ಹೊತ್ತು ಒತ್ತಿ, ಎಪ್ಪತ್ತೇಳು ಎಂದು ಕೂಗಿದೆ. ಅವರು ಟೇಪು ಹಿಡಿದು ನಿಂತೇ ಇದ್ದರು, ಅಳೆಯಲಿಲ್ಲ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಕೂಗಿದೆ.

“ಕೇಳಿಸ್ತ್ರಿ. ಅದು ಮಂದಿದು,” ಎಂದರು. “ನಂದಕ್ಕ ಆಕಿ ಸಾಲಿನ ತಪ್ಪು ಕೂಡಿಸಿ ಹೇಳ್ರಿ.”

ನನಗೆ ತಟ್ಟನೆ ತಿಳಿಯಲಿಲ್ಲ. ತಿಳಿದ ಮೇಲೆ, ಬೇಡ ಸಾಬರೆ, ಗೊತ್ತಿದ್ದೂ ತಪ್ಪು ಸಾಲು ಯಾಕೆ, ಸರಿಯಾದದ್ದು ಇಲ್ಲೇ ಕೈಯಲ್ಲಿದೆ ಎಂದು ಮೇಡಂ ಆಗಿಯೇ ವಾದ ಮಾಡಿದೆ. ಅವರು ಗೋಡೆಯ ಹತ್ತಿರ ಬಂದರು. ಮುಖದ ತುಂಬ ಕೆಂಪು ಧೂಳು, ಕಣ್ಣಿನ ಕೆಳಗೆ ಮಾತ್ರ ಎರಡು ಕಡೆ ತೊಳೆದಿತ್ತು.

“ತಪ್ಪು ಮಾಡಿದವ ನಾನ್ರಿ. ಆಕಿನ್ನ ಒಬ್ಬಾಕಿನ್ನ ಆ ಕಡಿ ಮುಖ ಮಾಡಿ ಬಿಟ್ಟು, ನಾನು ಬಾಜೂಕ ಸರಿಯಾಗಿ ಮಲಗಲೇನ್ರಿ?”

ಎಪ್ಪತ್ತೇಳಕ್ಕೆ ಹತ್ತೊಂಬತ್ತೂವರೆ ಇಂಚು ಹಾಗೇ ಕೂಡಿಸಿದರೆ ಸಾಲು ಸೇರುವುದಿಲ್ಲ, ಕೋನದಲ್ಲೇ ಕೂಡಿಸಬೇಕು. ಪ್ರೋಗ್ರಾಂ ತೆರೆದೆ. ಆ ಸಣ್ಣ ಪರದೆಯಲ್ಲಿ ಒಂದೊಂದೇ ಸಾಲು ದಾಟಿ, ಇಂಚಿಗೆ ಇಳಿಸುವ ಸಾಲಿನ ಮೊದಲು ನಿಂತು, ಎನ್ ಎಂಬ ಅಕ್ಷರಕ್ಕೆ ಹನ್ನೊಂದು ಕೂಡಿಸಿದೆ. ಏಳು ವರ್ಷದಲ್ಲಿ ನಾನು ತಿಳಿದೂ ತಿಳಿದೂ ಪ್ರೋಗ್ರಾಂನಲ್ಲಿ ತಪ್ಪು ಹಾಕಿದ್ದು ಅದೊಂದೇ ಸಲ. ಕಣ್ಣು ಮಂಜಾಗಿ ಅಂಕಿ ಕಾಣದೆ, ಪರದೆಯನ್ನು ಸೆರಗಿನಿಂದ ಒರೆಸಿ, ತೊಡಕಿಲ್ಲದೆ ಓದಲು ಎರಡು ಸಲ ಉಸಿರೆಳೆದುಕೊಂಡೆ.

ನೂರಾ ಹದಿಮೂರು ಎಂದು ಗೋಡೆಯ ಮೇಲಿಂದ ಕೂಗಿ ಹೇಳಿದೆ. ಅವರು ಟೇಪು ಎಳೆದು ಅಳೆದು, ಗೂಟ ಇಟ್ಟು ಸುತ್ತಿಗೆಯಿಂದ ಹೊಡೆಯತೊಡಗಿದರು.